ಮುನಿತಾಯಮ್ಮನ ತಿಪ್ಪೆ

ಕುಂದಾಣದ ಗೋಶಾಲೆಯನ್ನು ಮೊದಲ ಸಲ ನೋಡಿ ಬಂದ ನರಸಿಂಹಯ್ಯ ತನ್ನ ವರದಿಯಲ್ಲಿ ಹೀಗೆ ಬರೆದಿದ್ದ: 'ಇಲ್ಲಿನ ದನಗಳಿಗೆ ಮೇವು ಸಾಲುತ್ತಿಲ್ಲ. ಮಧ್ಯಾಹ್ನ ನಾನು ಕಂಡಂತೆ ಎಲ್ಲವೂ ಹುಣಸೆಮರದ ನೆರಳಲ್ಲಿ ಮಲಗಿ, ಅರೆಗಣ್ಣು ಮುಚ್ಚಿ, ಹಸಿವಿನಿಂದ ಬರಿಬಾಯಿ ಆಡಿಸುತ್ತಿದ್ದವು. ನೋಡಿ ಕರುಳು ಚುರ್ ಎಂದಿತು.'

ಆ ಗೋಶಾಲೆಗೆ ಹಣ ಕೊಡುವ ಧರ್ಮನಿಧಿಯ ಅಧ್ಯಕ್ಷ ವೆಂಕಟರಮಣಪ್ಪನವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿ ಇಟ್ಟವರು. ಅದಕ್ಕೂ ಮೊದಲು ಹೊಸಕೋಟೆ ಕಡೆ ದನ ಕಾದವರು. ವರದಿಯನ್ನು ಅಂಗಡಿಯವರೆಲ್ಲ ಕೇಳುವಂತೆ ಜೋರಾಗಿ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತನ್ನ ಬರವಣಿಗೆಗೆ ಅವರಿಗೆ ಅಳು ಬಂತೆಂದೇ ತಿಳಿದ ನರಸಿಂಹಯ್ಯ ವಿನಯದಿಂದ ತಲೆ ತಗ್ಗಿಸಿದ.

"ಅಯ್ಯೋ ಪುಣ್ಯಾತ್ಮ, ಅವು ಮೆಲುಕು ಹಾಕ್ತಿದ್ವು ಕಣಯ್ಯಾ! ಹೊಟ್ಟೆ ತುಂಬಿದ ದನ ಮಾಡೋ ಕೆಲ್ಸ ಅದು. ಊಟ ಆದ್ಮೇಲೆ ನೀನು ಕೂತಲ್ಲೇ ತೂಕಡಿಸ್ತೀಯಲ್ಲ, ಹಂಗೆ!" ಎಂದರು ಅಧ್ಯಕ್ಷರು. ಅವರ ಕಣ್ಣಲ್ಲಿ ನೀರು ಬಂದದ್ದು ನಗು ತಡೆಯಲಾರದೆ.

ಅಂಗಡಿಯಲ್ಲಿ ಬಟ್ಟೆ ಅಳೆಯುವವರು ಗಜಕೋಲು ಕೆಳಗಿಟ್ಟು ನಕ್ಕರು. ಪೇಟೆಯಲ್ಲೇ ಹುಟ್ಟಿ ಬೆಳೆದ ನರಸಿಂಹಯ್ಯನಿಗೆ ದನವೆಂದರೆ ಸಂಬಳ ಕೊಡುವ ಒಂದು ಧರ್ಮಕಾರ್ಯ, ಅಷ್ಟೆ. ಅವನು ನಿಧಿಯ ಏಕೈಕ ಗುಮಾಸ್ತ. ನಿಧಿಯ ಹಣ ಎಲ್ಲೆಲ್ಲಿ ಹೇಗೆ ಖರ್ಚಾಗುತ್ತಿದೆ ಎಂದು ನೋಡಿ ಬರುವುದು ಅವನ ಪಾಲಿಗೆ ಬಂದ ಕೆಲಸ.

ಎರಡನೇ ಮಹಾಯುದ್ಧದ ಮೂರನೆಯದೋ ನಾಲ್ಕನೆಯದೋ ವರ್ಷ. ಹುಲ್ಲಿನ ಬೆಲೆ ಏರಿತ್ತು, ದಾನಿಗಳ ಕೈ ಇಳಿದಿತ್ತು. ನಿಧಿ ಸಾಕುತ್ತಿದ್ದದ್ದು ಎರಡು ಗೋಶಾಲೆ: ಕುಂದಾಣದ್ದೊಂದು, ಜಡಿಗೇನಹಳ್ಳಿ ಕಡೆಯದೊಂದು. ಈ ಬೇಸಿಗೆಗೆ ಒಂದಕ್ಕಷ್ಟೇ ಹುಲ್ಲು, ಹಿಂಡಿ ಕೊಡಲು ಸಾಧ್ಯ. ಇನ್ನೊಂದರ ದನಗಳನ್ನು ತಂದುಬಿಟ್ಟವರಿಗೇ ವಾಪಸು ಅಟ್ಟಬೇಕು. ಅವರು ಎಲ್ಲಿಗೆ ಅಟ್ಟುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ಮಿಲಿಟರಿ ಕ್ಯಾಂಪಿಗೆ ಮಾಂಸ ಒದಗಿಸುವ ದಲ್ಲಾಳಿಗಳು ಪ್ರತಿ ಸಂತೆಯಲ್ಲೂ ನಿಂತಿರುತ್ತಿದ್ದರು.

"ಎರಡೂ ಕಡೆ ಹೋಗಿ ಬಾ. ಈ ಸಲ ದನ ನೋಡ್ಬೇಡ, ಲೆಕ್ಕ ನೋಡು. ಅದಾದ್ರೂ ಬರುತ್ತೆ ನಿಂಗೆ" ಎಂದರು ಅಧ್ಯಕ್ಷರು.

ಜಡಿಗೇನಹಳ್ಳಿ ಕಡೆಯ ಗೋಶಾಲೆಯ ಮೇಲ್ವಿಚಾರಕ ವೆಂಕಟರಾಯಪ್ಪ ಲೆಕ್ಕದಲ್ಲಿ ಮುತ್ತಿನಂಥ ಮನುಷ್ಯ. ಹುಲ್ಲಿಗೊಂದು ರಸೀತಿ, ಹಿಂಡಿಗೊಂದು ರಸೀತಿ, ಎಲ್ಲಕ್ಕೂ ದಾರ ಹಾಕಿ ಹೊಲಿದಿಟ್ಟಿದ್ದ. ಹಿತ್ತಿಲು ಗುಡಿಸಿ ಸಾರಿಸಿ, ದೇವಸ್ಥಾನದ ಪ್ರಾಂಗಣದ ಹಾಗಿತ್ತು. "ಗೋವು ನಮ್ಮ ತಾಯಿ ಅಲ್ವಾ ಸ್ವಾಮಿ" ಎನ್ನುವಾಗ ಅವನ ಗಂಟಲು ಕಟ್ಟಿತು. ದನಗಳ ಪಕ್ಕೆಲುಬು ಎಣಿಸುವಂತಿದ್ದವು. "ವಯಸ್ಸಾದವು, ಏನು ತಿಂದ್ರೂ ಮೈಗೆ ಹತ್ತಲ್ಲ" ಎಂದ. ಮೆಲುಕಿನ ಪ್ರಸಂಗ ನೆನಪಾಗಿ ನರಸಿಂಹಯ್ಯ ದನದ ಮೈ ವಿಚಾರಕ್ಕೆ ಬಾಯಿ ಹಾಕಲಿಲ್ಲ. ಸ್ವಚ್ಛತೆಯನ್ನು ಹೊಗಳಿ, ಮಜ್ಜಿಗೆ ಕುಡಿದು, ಹುಲ್ಲು ಇವನಿಗೇ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಹೊರಟ.

ಪೆಟ್ರೋಲ್ ಸಿಗದೆ ಇದ್ದಿಲ ಅನಿಲದಲ್ಲಿ ಓಡುತ್ತಿದ್ದ ಬಸ್ಸನ್ನು ಅಲ್ಲಲ್ಲಿ ಇಳಿದು ತಳ್ಳುತ್ತ ದೇವನಹಳ್ಳಿ ಸೇರಿದ್ದಾಯಿತು. ಅಲ್ಲಿಂದ ಕುಂದಾಣಕ್ಕೆ ಬೈರಪ್ಪ ಎಂಬವನ ಎತ್ತಿನ ಗಾಡಿ ಸಿಕ್ಕಿತು. ದಾರಿಯ ಒಂದು ಹಳ್ಳಿಯಲ್ಲಿ ಬೈರಪ್ಪ ಗಾಡಿ ನಿಲ್ಲಿಸಿ, ಇಳಿದು, ಯಾರದೋ ಮನೆಯ ಹಿಂದಿನ ಗೋಡೆಯ ಮೇಲಿಂದ ಕತ್ತು ಚಾಚಿ ನೋಡತೊಡಗಿದ.

"ಏನಪ್ಪಾ ಅದು? ಯಾರಾದ್ರೂ ಕಂಡ್ರೆ ಬೈತಾರೆ."

"ತಿಪ್ಪೆ ನೋಡ್ತಿವ್ನಿ ಸಾಮಿ. ಈ ಮನೆ ಹುಡುಗನಿಗೆ ನನ್ ಮಗಳ್ನ ಕೇಳವ್ರೆ." ಬೈರಪ್ಪ ಬಂದು ಮೂಕಿಯ ಮೇಲೆ ಕುಳಿತ. ಮುಖ ಹುಳ್ಳಗಾಗಿತ್ತು. "ನಾಕು ಜೊತೆ ಎತ್ತು ಐತೆ ಅಂತ ಕೊಚ್ಕೊಂಡ. ತಿಪ್ಪೆ ನೋಡಿದ್ರೆ ನಮ್ಮಜ್ಜಿ ಎಲೆಅಡಿಕೆ ಉಗುಳಿದ್ರೂ ಅದಕ್ಕಿಂತ ದೊಡ್ಡದಾಗ್ತದೆ. ಎತ್ತೇನು ಗಾಳಿ ಕುಡ್ಕೊಂಡು ಬದುಕ್ತವಾ? ಹೇ, ಈ ಸಂಬಂಧ ಬ್ಯಾಡ ಬುಡಿ."

ಈ ಸೀಮೆಯಲ್ಲಿ ಹೆಣ್ಣು ಕೊಡುವವರು ಜಾತಕಕ್ಕೂ ಮೊದಲು ತಿಪ್ಪೆ ನೋಡುತ್ತಾರೆಂದು ಕೇಳಿ ನರಸಿಂಹಯ್ಯ ನಗತೊಡಗಿದ. ಸ್ವಲ್ಪ ದೂರ ನಕ್ಕ. ಆಮೇಲೆ ವೆಂಕಟರಾಯಪ್ಪನ ಗುಡಿಸಿ ಸಾರಿಸಿದ ಆ ಹಿತ್ತಿಲು ಕಣ್ಣಿಗೆ ಬಂತು. ಅಷ್ಟು ಹುಲ್ಲು ಕೊಂಡ ಜಾಗದಲ್ಲಿ ಒಂದು ಬುಟ್ಟಿ ಸಗಣಿಯೂ ಇರಲಿಲ್ಲ. ಗೊಬ್ಬರ ಮಾರಿದ್ದರೆ ಅದರ ಹಣ ಲೆಕ್ಕಕ್ಕೆ ಬರಬೇಕಿತ್ತು, ಬಂದಿರಲಿಲ್ಲ. ಬಂದಿದ್ದು ರಸೀತಿ ಮಾತ್ರ, ಹುಲ್ಲಲ್ಲ. ಅಂಥ ಜಾಗವನ್ನು 'ಎಂಥ ಶುಚಿ' ಎಂದು ತಾನೇ ಬಾಯ್ತುಂಬ ಹೊಗಳಿ ಬಂದಿದ್ದ.

ಕುಂದಾಣದ ಹುಣಸೆತೋಪಿನಲ್ಲಿ ವಾಸನೆಯೇ ಮೊದಲು ಎದುರುಗೊಂಡಿತು. ಕೊಟ್ಟಿಗೆಯ ಹಿಂದೆ ಕೊಟ್ಟಿಗೆಯಷ್ಟೇ ಎತ್ತರದ ತಿಪ್ಪೆ. ಅದರ ನೆತ್ತಿಯ ಮೇಲೆ ಸೀರೆ ಎತ್ತಿಕಟ್ಟಿ, ಸಗಣಿ ತುಂಬಿದ ಮಂಕರಿ ಬೋರಲು ಹಾಕುತ್ತ ನಿಂತಿದ್ದಳು ಮುನಿತಾಯಮ್ಮ.

ಆ ತೋಪು ಅವಳ ಮಾವನದು. ಸಾಯುವ ಮುಂಚೆ ಮುದಿದನಗಳಿಗೆಂದು ಬರೆದುಕೊಟ್ಟಿದ್ದ. ನಿಧಿ ಸಂಬಳಕ್ಕೆ ಇಟ್ಟ ಇಬ್ಬರು ಮೇಲ್ವಿಚಾರಕರು ಒಬ್ಬರ ಹಿಂದೊಬ್ಬರು ಹಿಂಡಿಯ ಮೂಟೆಗಳೊಂದಿಗೆ ಕಾಣೆಯಾದ ಮೇಲೆ, ಅಷ್ಟರಲ್ಲಿ ಗಂಡನನ್ನೂ ಕಳೆದುಕೊಂಡಿದ್ದ ಮುನಿತಾಯಮ್ಮ ತಾನಾಗಿ ಬಂದು ಕೊಟ್ಟಿಗೆ ಹೊಕ್ಕಳು. ಸಂಬಳ ಕೇಳಲಿಲ್ಲ. ಯಾಕೆ ಕೇಳಲಿಲ್ಲವೆಂದು ನಿಧಿಯವರೂ ಕೇಳಲಿಲ್ಲ. ಪುಣ್ಯವಂತೆ ಎಂದು ಸಭೆಯಲ್ಲಿ ಒಂದು ಮಾತು ಹೇಳಿ ಮುಂದಿನ ವಿಷಯಕ್ಕೆ ಹೋದರು. ಅವಳು ದನಗಳನ್ನು ಮುದ್ದು ಮಾಡಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ತಂದುಬಿಟ್ಟವರ ಹೆಸರನ್ನೇ ಅವಕ್ಕಿಟ್ಟು, ಮನಸಾರೆ ಬೈಯುತ್ತಿದ್ದಳು.

"ಲೇ ಶಾನುಭೋಗ, ಸರ್ಕೊಳೋ ಅತ್ಲಾಗೆ! ತಿನ್ನಾಕೆ ಮುಂದು, ಏಳಾಕೆ ಹಿಂದು" ಎಂದು ಒಕ್ಕಣ್ಣಿನ ಎತ್ತೊಂದರ ಬೆನ್ನಿಗೆ ತಟ್ಟಿ, ಕೈ ಒರೆಸಿಕೊಳ್ಳುತ್ತ ಬಂದಳು. "ಏನಪ್ಪಾ, ಮತ್ತೆ ಬಂದ್ಯಾ? ಈ ಸಲ ಏನ್ ಬರ್ಕೊಂಡು ಹೋಗ್ತೀಯ?"

"ಹೋದ ವರ್ಷ ನಿಧಿಯಿಂದ ಹುಲ್ಲು ಕಳಿಸಿದ್ವಲ್ಲಮ್ಮ, ಅದನ್ನ ಹಾಕಿದ್ದಕ್ಕೆ ಲೆಕ್ಕ ಇದ್ಯಾ?"

"ಅಗೋ" ಎಂದು ತಿಪ್ಪೆ ತೋರಿಸಿದಳು.

ನರಸಿಂಹಯ್ಯ ಕೊಟ್ಟಿಗೆ ಸುತ್ತಿದ. ದನಗಳು ಮುದಿಯೇ, ಒಂದಕ್ಕೆ ಕಾಲು ಕುಂಟು, ಇನ್ನೊಂದಕ್ಕೆ ಹಲ್ಲಿಲ್ಲ. ಆದರೆ ಮೂಳೆಯ ಮೇಲೆ ಮಾಂಸವಿತ್ತು, ಗೋದಲಿಯಲ್ಲಿ ರಾಗಿಹುಲ್ಲಿತ್ತು. ತೋಪಿನ ಬೇಲಿಯಾಚೆ ಮುನಿತಾಯಮ್ಮನ ಸ್ವಂತ ಹೊಲ. ಅಲ್ಲಿನ ಚಕ್ಕೋತ ಮರಗಳು ಕಾಯಿಯ ಭಾರಕ್ಕೆ ಬಾಗಿದ್ದವು. ತಿಪ್ಪೆಯಿಂದ ಆ ಹೊಲದವರೆಗೆ ಗಾಡಿಚಕ್ರದ ಜಾಡು ಆಳವಾಗಿ, ಯಾವ ಸಂಕೋಚವೂ ಇಲ್ಲದೆ ನೇರವಾಗಿ ಹೋಗಿತ್ತು.

"ಈ ವರ್ಷ ಹುಲ್ಲು ಬರ್ದಿದ್ರೆ?" ಎಂದು ಕೇಳಿದ.

"ನನ್ನ ಒಂದು ಹುಲ್ಲಿನ ಮೆದೇಲಿ ಎಷ್ಟು ದಿನ ಹಾಕ್ಲಿ? ಯುಗಾದಿಗೆ ಮುಂಚೆ ಹಗ್ಗ ಬಿಚ್ಚಿ ಓಡಿಸ್ತೀನಿ. ಆಮೇಲೆ ಅವುಗಳ ಹಣೇಬರ."

ಅವಳ ದನಿ ಗದ್ಗದವಾಗಲಿಲ್ಲ. ನರಸಿಂಹಯ್ಯ ಒಂದು ಕ್ಷಣ ಕಾದು ನೋಡಿದ, ಆಗಲೇ ಇಲ್ಲ.

ಎರಡನೆಯ ವರದಿಯಲ್ಲಿ ಅವನು ಕರುಳನ್ನು ತರಲಿಲ್ಲ. ಜಡಿಗೇನಹಳ್ಳಿ ಕಡೆ ಲೆಕ್ಕ ಇದೆ, ಸಗಣಿ ಇಲ್ಲ. ಕುಂದಾಣದಲ್ಲಿ ಸಗಣಿ ಇದೆ, ಲೆಕ್ಕ ಇಲ್ಲ. ಹುಲ್ಲು ಕುಂದಾಣಕ್ಕೆ ಹೋಗುವುದು ಮೇಲು ಎಂದು ಬರೆದ. ಗಾಡಿಯ ಜಾಡಿನ ವಿಚಾರ ಬರೆಯಬೇಕೋ ಬಿಡಬೇಕೋ ತಿಳಿಯದೆ ಪೆನ್ನು ಕಚ್ಚುತ್ತ ಕುಳಿತು, ಕೊನೆಗೆ ಬಿಟ್ಟ. ಅದು ಧೈರ್ಯವೋ ಪುಕ್ಕಲುತನವೋ ಅವನಿಗೇ ಸ್ಪಷ್ಟವಿರಲಿಲ್ಲ.

ಬಿಟ್ಟು ಪ್ರಯೋಜನವಾಗಲಿಲ್ಲ. ವೆಂಕಟರಮಣಪ್ಪನವರು ವರದಿ ಓದಿ, ಈ ಸಲ ನಗದೆ, "ನಾನೇ ನೋಡ್ಬೇಕು, ನಡಿ" ಎಂದು ಮುಂದಿನ ಸೋಮವಾರ ಅವನನ್ನೂ ಕರೆದುಕೊಂಡು ಕುಂದಾಣಕ್ಕೆ ಬಂದರು. ದನಗಳ ಬಾಯಿ ಬಿಡಿಸಿ ನೋಡಿದರು, ಪಕ್ಕೆ ಒತ್ತಿದರು, ಗೋದಲಿಗೆ ಕೈ ಹಾಕಿ ಹುಲ್ಲು ಮೂಸಿದರು. ಮುಖದಲ್ಲಿ ಸಮಾಧಾನ ಕಂಡಿತು. ನರಸಿಂಹಯ್ಯನ ಉಸಿರು ಇನ್ನೇನು ನೆಟ್ಟಗಾಗಬೇಕು, ಅಧ್ಯಕ್ಷರ ಕಣ್ಣು ಆ ಜಾಡಿನ ಮೇಲೆ ಬಿತ್ತು. ಜಾಡು ಹಿಡಿದು ಚಕ್ಕೋತ ಮರದವರೆಗೂ ಹೋಯಿತು.

"ಅಮ್ಮಾ, ಇಲ್ಲಿ ಗೊಬ್ಬರ ಎಲ್ಲ ಯಾರ ಹೊಲಕ್ಕೆ ಹೋಗುತ್ತೆ?"

ನರಸಿಂಹಯ್ಯ ಕೆಮ್ಮಿದ. ಊರದೇವರ ಹೊಲಕ್ಕೆ ಅನ್ನಲಿ, ಬಡವರಿಗೆ ಹಂಚ್ತೀನಿ ಅನ್ನಲಿ, ಏನಾದರೊಂದು ಅನ್ನಲಿ ಎಂದು ಅವಳ ಮುಖವನ್ನೇ ನೋಡಿದ.

"ನನ್ ಹೊಲಕ್ಕೆ" ಎಂದಳು ಮುನಿತಾಯಮ್ಮ.

"ಇದು ಧರ್ಮದ ದನ. ನಾಲ್ಕು ಜನ ಪುಣ್ಯಕ್ಕೆ ಅಂತ ಕೊಟ್ಟ ಹುಲ್ಲು. ಅದರಲ್ಲಿ ನೀವು ಲಾಭ ಮಾಡ್ಕೊಳ್ಳೋದು ಸರಿನಾ?"

ಮುನಿತಾಯಮ್ಮ ಮಂಕರಿಯನ್ನು ಸೊಂಟದಿಂದಿಳಿಸಿ ಅಧ್ಯಕ್ಷರ ಕಾಲ ಬಳಿ ಇಟ್ಟಳು.

"ಗೊಬ್ಬರಕ್ಕೇ ನಾನು ಇಲ್ಲಿರೋದು ಸಾಮಿ. ಅದು ಬ್ಯಾಡ ಅನ್ನಂಗಿದ್ರೆ ಈಗ್ಲೇ ಮನೆಗೆ ಹೋಗ್ತೀನಿ, ಪುಣ್ಯಕ್ಕೆ ಸಗಣಿ ಬಾಚೋರ್ನ ನೀವೇ ಹುಡುಕ್ಕೊಳ್ಳಿ."