ಮೆಟ್ಟಿಲ ಕೆಳಗಿನ ಖಟ್ಲೆ

ಮೊನ್ನೆ ಭಾನುವಾರ ಒಗ್ಗರಣೆ ಅವಲಕ್ಕಿಯ ತಟ್ಟೆ ಹಿಡಿದು ಟಿವಿ ಮುಂದೆ ಕೂತಿದ್ದೆ. ಪರದೆಯ ತುಂಬ ಚೌಕಗಳು, ಚೌಕಕ್ಕೊಂದು ಮುಖ, ಮುಖಕ್ಕೊಂದು ಬಾಯಿ. ಎಲ್ಲ ಬಾಯಿಗಳೂ ಒಟ್ಟಿಗೇ ತೆರೆದಿದ್ದವು. ನ್ಯಾಯಾಧೀಶರನ್ನು ಸರಕಾರದವರು, ದೊಡ್ಡವರು ಕೂತು ನೇಮಿಸಬೇಕೋ, ಇಲ್ಲ ಜನರೇ ಓಟು ಹಾಕಿ ಆರಿಸಬೇಕೋ ಎಂಬುದು ಅಂದಿನ ಜಗಳ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಮಾತು ಸಿಡಿಯುತ್ತಿತ್ತು.

ಒಳಗಿನಿಂದ ಮೊಮ್ಮಗಳು ಮೇಘನಾ ಬಂದಳು. ಮುಂಬಯಿಯ ಮುಲುಂಡಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ಅವಳ ಕನ್ನಡ ಲೋಕಲ್ ಟ್ರೇನಿನ ಹಾಗೆ, ಎಲ್ಲ ಭಾಷೆಗಳಿಗೂ ಒಂದಿಷ್ಟು ಜಾಗ ಕೊಡುತ್ತದೆ. "ಅಜ್ಜಾ, ಆವಾಜ್ ಥೋಡಾ ಕಮ್ಮಿ ಮಾಡು ನಾ. ನಂದೂ ಇದೇ ಟಾಪಿಕ್. ಕಾಲೇಜಲ್ಲಿ ಡಿಬೇಟ್ ಇದೆ. ನೀನು ಯಾವ ಸೈಡ್?" ಎಂದಳು.

ನಾನು ಟಿವಿಯ ಸದ್ದು ಪೂರ್ತಿ ಅಡಗಿಸಿ ಗಂಟಲು ಸರಿಮಾಡಿಕೊಂಡೆ. ಏಕೆಂದರೆ ಈ ಎರಡೂ ಪದ್ಧತಿಗಳನ್ನು ಕಣ್ಣಾರೆ ಕಂಡವರು ಈ ದೇಶದಲ್ಲಿ ಹೆಚ್ಚು ಮಂದಿ ಇರಲಾರರು. ನಾನು ಕಂಡಿದ್ದೇನೆ. ಯಾವ ದೇಶದಲ್ಲಿ ಎನ್ನುತ್ತೀರೋ? ಚೆಂಬೂರಿನಲ್ಲಿ, ನಾವಿದ್ದ ಚಾಳಿನಲ್ಲಿ.

ಅರವತ್ತರ ದಶಕದ ಕೊನೆಗೆ ಹಾಸನದಿಂದ ಒಂದು ಟ್ರಂಕು, ಒಂದು ಬಿ.ಎ. ಪದವಿ ಹೊತ್ತು ಮುಂಬಯಿಗೆ ಬಂದವನು ನಾನು. ಪದವಿ ರಾಜ್ಯಶಾಸ್ತ್ರದ್ದು. ಟ್ರಂಕು ಹೆಚ್ಚು ಉಪಯೋಗಕ್ಕೆ ಬಂತು. ಫೋರ್ಟ್ ಪ್ರದೇಶದ ಆಫೀಸೊಂದರಲ್ಲಿ ಗುಮಾಸ್ತಿಕೆ, ಚೆಂಬೂರಿನ ಚಾಳಿನಲ್ಲಿ ಇನ್ನಿಬ್ಬರು ಬ್ರಹ್ಮಚಾರಿಗಳ ಜೊತೆ ಒಂದು ಖೋಲಿ, ಎಂದರೆ ಒಂದೇ ಕೋಣೆಯ ಮನೆ. ಸಾಲು ಸಾಲು ಖೋಲಿಗಳಿದ್ದ ಎರಡಂತಸ್ತಿನ ಆ ಚಾಳಿಗೆಲ್ಲ ಕೆಳಗೆ ಅಂಗಳದಲ್ಲಿ ನಲ್ಲಿ ಒಂದೇ. ಅದರ ಮುಂದೆ ಜಗಳವಾಡಲು ಭಾಷೆಗಳು ಮಾತ್ರ ಐದಾರು. ಒಬ್ಬಳು ಮರಾಠಿಯಲ್ಲಿ ಬೈದರೆ ಇನ್ನೊಬ್ಬಳು ತುಳುವಿನಲ್ಲಿ ಉತ್ತರ ಕೊಡುತ್ತಿದ್ದಳು, ಮತ್ತು ಆಶ್ಚರ್ಯವೆಂದರೆ ಇಬ್ಬರಿಗೂ ಪೂರ್ತಿ ಅರ್ಥವಾಗುತ್ತಿತ್ತು.

ಚಾಳಿನ ಮಾಲೀಕನನ್ನು ಎಲ್ಲರೂ ಶೇಠ್ ಎನ್ನುತ್ತಿದ್ದರು. ತಿಂಗಳ ಬಾಡಿಗೆ ವಸೂಲಿಗೆ ಬಂದಾಗಲೆಲ್ಲ ಜನ ಬಾಡಿಗೆಗಿಂತ ಮೊದಲು ದೂರು ಕೊಡುತ್ತಿದ್ದುದರಿಂದ ಅವನಿಗೆ ಬೇಸರ ಬಂದುಹೋಗಿತ್ತು. ಕೊನೆಗೆ ಮೇಲಂತಸ್ತಿನ ಸುಬ್ಬರಾಯರನ್ನು ಕರೆದು, ಒಂದು ಬೆತ್ತದ ಕುರ್ಚಿ ತರಿಸಿಕೊಟ್ಟು, "ರಾವ್‌ಸಾಬ್, ಆಜ್ ಸೇ ಚಾಲ್ ಕಾ ಜಡ್ಜ್ ಆಪ್. ಆಪ್ ಬೋಲಾ ತೋ ಫೈನಲ್" ಎಂದು ಘೋಷಿಸಿದ.

ಸುಬ್ಬರಾಯರು ಮೈಸೂರಿನ ಕಡೆಯವರು. ಯಾವುದೋ ಕೋರ್ಟಿನಲ್ಲಿ ನ್ಯಾಯಾಧೀಶರ ಕುರ್ಚಿಯ ಕೆಳಗೆ ಕೂತು ಬರೆದೂ ಬರೆದೂ ನಿವೃತ್ತರಾಗಿದ್ದವರು. ಜೀವಮಾನವಿಡೀ ನ್ಯಾಯವನ್ನು ಕೆಳಗಿನಿಂದ ನೋಡಿದವರಿಗೆ ಮೇಲಿನಿಂದ ನೋಡುವ ಯೋಗ ಬಂದಿತ್ತು. ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ಕೋಟು ತೊಟ್ಟು, ಅಂಗಳದಲ್ಲಿ ಕುರ್ಚಿ ಹಾಕಿಸಿ ಕೂರುತ್ತಿದ್ದರು. ತೀರ್ಪುಗಳು ಚೆನ್ನಾಗಿಯೇ ಇರುತ್ತಿದ್ದವು. ಒಬ್ಬಾಕೆಯ ಒದ್ದೆ ಸೀರೆಯ ನೀರು ಇನ್ನೊಬ್ಬಾಕೆಯ ಸಂಡಿಗೆಯ ಮೇಲೆ ತೊಟ್ಟಿಕ್ಕಿದ ಖಟ್ಲೆಯಲ್ಲಿ, "ಬಿಸಿಲು ಇಬ್ಬರಿಗೂ ಸೇರಿದ್ದು. ಮಧ್ಯಾಹ್ನದವರೆಗೆ ಸೀರೆ, ಆಮೇಲೆ ಸಂಡಿಗೆ" ಎಂದರು. ಎರಡು ಮನೆಯವರೂ ತಲೆದೂಗಿದರು.

ಆದರೆ ಶೇಠ್‌ಗೆ ಸಂಬಂಧಿಸಿದ ದೂರು ಬಂದರೆ ರಾಯರ ಕಿವಿ ಮಂದವಾಗುತ್ತಿತ್ತು. ಸೂರು ಸೋರುತ್ತದೆ ಎಂದು ಒಬ್ಬರು ಹೇಳಿದಾಗ, "ಅದು ಈ ಕೋರ್ಟಿನ ವ್ಯಾಪ್ತಿಗೆ ಬರೋದಿಲ್ಲ" ಎಂದರು. ಸೋರುತ್ತಿದ್ದದ್ದು ರಾಯರ ಖೋಲಿಯೂ ಹೌದು. ಮಳೆಗಾಲದಲ್ಲಿ ಅವರ ಮನೆಯಲ್ಲಿ ಪಾತ್ರೆಗಳು ಅಡುಗೆಗಿಂತ ಹನಿ ಹಿಡಿಯುವುದಕ್ಕೇ ಹೆಚ್ಚು ಬಳಕೆಯಾಗುತ್ತಿದ್ದವು.

ಇಂಥ ಕೋರ್ಟಿಗೆ ಗಂಗವ್ವನ ಖಟ್ಲೆ ಬಂತು.

ಗಂಗವ್ವ ಬಿಜಾಪುರದ ಕಡೆಯ ಹೆಣ್ಣುಮಗಳು. ಗಂಡ ಶೇಠ್‌ನ ಇನ್ನೊಂದು ಕಟ್ಟಡದ ಕೆಲಸದಲ್ಲಿ ಮೇಲಿನಿಂದ ಬಿದ್ದು ತೀರಿಕೊಂಡಿದ್ದ. ಶೇಠ್ ಆಕೆಗೂ ಆಕೆಯ ಪುಟ್ಟ ಮಗಳಿಗೂ ನಮ್ಮ ಚಾಳಿನ ಮೆಟ್ಟಿಲ ಕೆಳಗಿನ ಜಾಗ ಬಿಟ್ಟುಕೊಟ್ಟಿದ್ದ. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ತಾಗುವ ಜಾಗ. ಅಲ್ಲೇ ಒಲೆ ಹೂಡಿ ಆಕೆ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಅನ್ನವಿಲ್ಲದೆ ಬದುಕಿಲ್ಲ ಎಂದು ನಂಬಿದ್ದ ನಮ್ಮಂಥ ಹಾಸನದವರಿಗೂ ಆ ರೊಟ್ಟಿ, ಮೇಲೊಂದಿಷ್ಟು ಶೇಂಗಾ ಚಟ್ನಿ ಇಲ್ಲದೆ ಬೆಳಗಾಗುತ್ತಿರಲಿಲ್ಲ. ರೊಟ್ಟಿ ಬಡಿಯುವ ಸದ್ದೇ ನಮ್ಮ ಅಲಾರಂ.

ಕೆಲವು ವರ್ಷ ಕಳೆದ ಮೇಲೆ ಶೇಠ್‌ಗೆ ಆ ಜಾಗದಲ್ಲಿ ಒಂದು ಪಾನ್ ಅಂಗಡಿ ಕಾಣಿಸತೊಡಗಿತು. ಗಂಗವ್ವ ಖಾಲಿ ಮಾಡಬೇಕು ಎಂದ. ಆಕೆ, "ಶೇಠ್ ಮಾತು ಕೊಟ್ಟಾನ್ರೀ" ಎಂದಳು. ರಾಯರು ಇಬ್ಬರ ಮುಖವನ್ನೂ ನೋಡಿದರು. ಕುರ್ಚಿಯ ಕೈ ಸವರಿದರು. "ಮುಂದಿನ ಭಾನುವಾರಕ್ಕೆ ವಾಯಿದೆ" ಎಂದರು. ಮುಂದಿನ ಭಾನುವಾರ ಅಮಾವಾಸ್ಯೆ. ಅದರ ಮುಂದಿನದು ರಾಯರ ಸೊಂಟನೋವು. ಆಮೇಲೆ ಮಳೆ. ಮಳೆ ನಿಂತ ಮೇಲೆ ಗಣಪತಿ. ಹೀಗೆ ವಾಯಿದೆಯ ಮೇಲೆ ವಾಯಿದೆ ಬಿದ್ದು ಗಂಗವ್ವನ ಒಲೆ ಉರಿಯುತ್ತಲೇ ಇತ್ತು.

ಅಷ್ಟರಲ್ಲಿ ದೆಹಲಿಯಲ್ಲಿ ಹಿರಿಯರನ್ನೆಲ್ಲ ದಾಟಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ ಸುದ್ದಿ ಬಂತು. ಲೋಕಲ್ಲಿನಲ್ಲಿ ಒಂದು ವಾರ ಅದೇ ಮಾತು. ನಮ್ಮ ಚಾಳಿನ ಬಿರಾದಾರನಿಗೆ ಅಷ್ಟು ಸಾಕಾಯಿತು. ಧಾರವಾಡ ಕಡೆಯ ಬಿರಾದಾರ ತೈಲ ಕಾರ್ಖಾನೆಯೊಂದರ ಯೂನಿಯನ್ ಮುಖಂಡ. ಮನೆಯಲ್ಲಿ ಉಪ್ಪು ಕೇಳುವಾಗಲೂ ಬೇಡಿಕೆ ಮಂಡಿಸುವ ಧ್ವನಿ. ಅಂಗಳದಲ್ಲಿ ನಿಂತು, "ನ್ಯಾಯ ಮಂದಿದು ಐತ್ರೀ. ಜಡ್ಜನ್ನ ಮಂದೀನ ಆರಿಸಬೇಕು. ಶೇಠ್ ಯಾರು ನೇಮಕ ಮಾಡಾಕ?" ಎಂದ. ನಮಗೂ ಹೌದೆನಿಸಿತು. ಮೂರು ವರ್ಷಕ್ಕೊಮ್ಮೆ ಚುನಾವಣೆಯೆಂದು ನಿಶ್ಚಯವಾಯಿತು. ರಾಜ್ಯಶಾಸ್ತ್ರ ಓದಿದವನು ನಾನೊಬ್ಬನೇ ಆದ್ದರಿಂದ ಚುನಾವಣಾಧಿಕಾರಿಯೂ ನಾನೇ. ಪದವಿಯ ಮೊದಲ ಮತ್ತು ಕೊನೆಯ ಪ್ರಯೋಜನ ಅದು.

ರಾಯರಿಗೆ ಎದುರಾಗಿ ನಿಂತವರು ಕೃಷ್ಣಯ್ಯ ಶೆಟ್ಟರು. ಕುಂದಾಪುರದ ಕಡೆಯವರು, ಬೀದಿಯ ಮೂಲೆಯಲ್ಲಿ ಪುಟ್ಟ ಚಹಾದ ಹೋಟೆಲು. ಯಾರನ್ನು ಕಂಡರೂ ನಗು, ಯಾವುದಕ್ಕೂ ಇಲ್ಲವೆನ್ನದ ನಾಲಿಗೆ. "ನಂಗೆ ಎಂಥದೂ ಬೇಡ ಮಾರಾಯ್ರೆ. ಸೇವೆ ಮಾಡ್ಬೇಕು ಅಂತ ಒಂದು ಆಸೆ ಉಂಟು, ಅಷ್ಟೇ. ಮೊದ್ಲು ಚಾ ಕುಡೀರಿ" ಎಂದು ಬಾಗಿಲು ಬಾಗಿಲಿಗೆ ಹೋದರು. ತಾನು ಗೆದ್ದರೆ ಚಾಳಿಗೆ ಎರಡನೆಯ ನಲ್ಲಿ ತರಿಸುವುದಾಗಿ ಮಾತು ಕೊಟ್ಟರು. ನಲ್ಲಿಗೂ ನ್ಯಾಯಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ನೀರು ಎಂದಮೇಲೆ ಕೇಳುವುದೇನಿದೆ?

ರಾಯರು ಎಲ್ಲಿಗೂ ಹೋಗಲಿಲ್ಲ. "ಅಲ್ಲಯ್ಯ, ನಾಳೆ ನನ್ನ ಮುಂದೆ ನಿಲ್ಲೋನ ಮನೆಗೆ ಇವತ್ತು ನಾನು ಕೈಮುಗಿದು ಹೋಗೋದೇ?" ಎಂದು ನನ್ನನ್ನು ಕೇಳಿದರು. ಅವರ ಹೆಂಡತಿ ಮಾತ್ರ ಅವರಿಗೆ ತಿಳಿಯದಂತೆ ಹೆಸರುಬೇಳೆ ಕೋಸಂಬರಿ ಹಿಡಿದು ನಾಲ್ಕು ಮನೆ ಹತ್ತಿ ಬಂದರು. ಕೋಸಂಬರಿ ಚಹಾದ ಮುಂದೆ ನಿಲ್ಲಲಿಲ್ಲ. ಎಣ್ಣೆ ಡಬ್ಬಿಯಲ್ಲಿ ಬಿದ್ದ ಚೀಟಿಗಳನ್ನು ನಾನೇ ಬಿಡಿಸಿ ಓದಿದೆ. ಚೀಟಿಗಳ ಜಿಡ್ಡು ಬೆರಳಿಗೆ ಅಂಟಿತ್ತು. ಶೆಟ್ಟರು ಭಾರಿ ಅಂತರದಲ್ಲಿ ಗೆದ್ದರು. ರಾಯರು ಹೆಗಲ ಮೇಲಿನ ಟವೆಲಿನಿಂದ ಕುರ್ಚಿ ಒರೆಸಿ, ಮೆಟ್ಟಿಲು ಹತ್ತಿ ಹೋದರು.

ಜನರ ನ್ಯಾಯ ಶುರುವಾಯಿತು. ಶೆಟ್ಟರು ತೀರ್ಪು ಕೊಡುವ ಮೊದಲು ಅಂಗಳದ ಸುತ್ತ ಕಣ್ಣು ಹಾಯಿಸುತ್ತಿದ್ದರು. ಯಾರ ಹಿಂದೆ ಹೆಚ್ಚು ಜನ ನಿಂತಿದ್ದಾರೋ ನ್ಯಾಯ ಆ ಕಡೆಗೆ ವಾಲುತ್ತಿತ್ತು. ಚಾಳಿನಲ್ಲಿ ನೆಂಟರು ಹೆಚ್ಚಿದ್ದವರು ಗೆದ್ದರು. ನಾವು ಬ್ರಹ್ಮಚಾರಿಗಳು ಬಟ್ಟೆ ಒಣಹಾಕುವ ಹಗ್ಗವನ್ನು ಕಳೆದುಕೊಂಡೆವು. ಸೋತವರು ಗೊಣಗಿದರೆ ಶೆಟ್ಟರು, "ಬೇಜಾರು ಮಾಡ್ಕೊಳ್ಬೇಡಿ ಮಾರಾಯ್ರೆ" ಎಂದು ಚಹಾ ಕುಡಿಸುತ್ತಿದ್ದರು. ಚಹಾ ಮಾತ್ರ ಎರಡೂ ಪಕ್ಷಗಳಿಗೆ ಸಮನಾಗಿ ಸಿಗುತ್ತಿತ್ತು.

ಶೇಠ್ ಜಾಣ. ರಾಯರ ಕಾಲದಲ್ಲಿ ತಾನೇ ವಾದಿಯಾಗಿ ಬಂದು ಸುಸ್ತಾಗಿದ್ದ. ಈಗ ಬರಲೇ ಇಲ್ಲ. ನಲ್ಲಿ ಕೇಳಲು ಹೋದ ಶೆಟ್ಟರಿಗೆ, "ನಲ್ ದೇಗಾ ನಾ. ಸೀಡಿ ಕೇ ನೀಚೇ ಜಗಹ್ ಖಾಲಿ ಕರೋ" ಎಂದನಂತೆ. ನಲ್ಲಿ ಕೊಡುತ್ತೇನೆ, ಮೆಟ್ಟಿಲ ಕೆಳಗಿನ ಜಾಗ ಖಾಲಿ ಮಾಡಿಸಿ. ಆವರೆಗೆ ಯಾರಿಗೂ ತೊಂದರೆ ಕೊಡದಿದ್ದ ಗಂಗವ್ವನ ಒಲೆಯ ಹೊಗೆ ಮರುದಿನದಿಂದಲೇ ಎಲ್ಲರ ಕಣ್ಣು ಉರಿಸತೊಡಗಿತು. ಮೇಲಂತಸ್ತಿನವರಿಗೆ ಕೆಮ್ಮು ಬಂತು. ಕಾರ್ಖಾನೆಗಳ ಹೊಗೆಯನ್ನು ಹಗಲೂ ರಾತ್ರಿ ಉಸಿರಾಡುವ ಚೆಂಬೂರಿನಲ್ಲಿ ಒಂದು ರೊಟ್ಟಿ ಒಲೆಯಿಂದ ಅಷ್ಟೊಂದು ಜನಕ್ಕೆ ಕೆಮ್ಮು!

ಆ ಭಾನುವಾರ ಅಂಗಳ ತುಂಬಿತ್ತು. ಗಂಗವ್ವ ಮಗಳ ಕೈ ಹಿಡಿದು ನಡುವೆ ನಿಂತಿದ್ದಳು. ಶೆಟ್ಟರು ಆಕೆಯ ಮುಖ ನೋಡದೆ, "ಒಲೆ ತೆಗಿಬೇಕು, ಜಾಗ ಖಾಲಿ ಆಗ್ಬೇಕು ಅನ್ನುವವ್ರು ಕೈ ಎತ್ತಿ" ಎಂದರು. ಕೈಗಳು ಎದ್ದವು. ಶೆಟ್ಟರು ನನ್ನ ಕಡೆ ನೋಡಿದರು, ನಾನು ಎಣಿಸತೊಡಗಿದೆ.

"ನಿಂದ್ರಿ ತಮ್ಮಾ" ಎಂದಳು ಗಂಗವ್ವ ನನಗೆ. ಆಮೇಲೆ ಶೆಟ್ಟರ ಕಡೆ ತಿರುಗಿದಳು. "ಯಪ್ಪಾ, ನಾ ನ್ಯಾಯ ಕೇಳಾಕ ಬಂದೀನಿ. ನೀವು ಕೈ ಎಣಸಾಕ ಹತ್ತೀರಿ. ಎಣಸೂದ ಆದ್ರ ಒಂದು ಮಾಡ್ರಿ. ನನ್ನ ರೊಟ್ಟಿ ಮುರೀದ ಕೈ ಇದ್ರ ಅವನ್ನಷ್ಟ ಎಣಸ್ರಿ."

ಮೊದಲು ಒಂದು ಕೈ ಇಳಿಯಿತು. ಆಮೇಲೆ ಇನ್ನೊಂದು. ಕೆಲವು ಕೈಗಳು ಅರ್ಧಕ್ಕೆ ಬಂದು ತಲೆ ಕೆರೆದುಕೊಂಡವು. ಬಿರಾದಾರನ ಕೈ ಮುಷ್ಟಿಯಾಗಿ, ಘೋಷಣೆಗೋ ಏನೋ ಎಂಬಂತೆ ಸ್ವಲ್ಪ ಹೊತ್ತು ಗಾಳಿಯಲ್ಲಿದ್ದು ಜೇಬಿಗೆ ಹೋಯಿತು. ಆದರೂ ನಲ್ಲಿಯ ಆಸೆಯಿಂದ ಇಳಿಯದೆ ಉಳಿದ ಕೈಗಳು ಬಹಳ ಇದ್ದವು.

ಆಗ ಹಿಂದಿನಿಂದ ಸುಬ್ಬರಾಯರ ಧ್ವನಿ ಕೇಳಿತು. ಸೋತ ದಿನದಿಂದ ಭಾನುವಾರ ಅವರು ಕೆಳಗಿಳಿದವರೇ ಅಲ್ಲ. ಅಂದು ಕೋಟಿರಲಿಲ್ಲ, ಬನಿಯನ್ ಮೇಲೆ ಟವೆಲು ಹೊದ್ದಿದ್ದರು.

"ನಂದೊಂದು ಸಾಕ್ಷಿ ಇದೆ" ಎಂದರು. "ಈಕೆ ಗಂಡ ಸತ್ತಾಗ ಶೇಠ್ ಮಾತು ಕೊಟ್ಟದ್ದು ನನ್ನೆದುರಿಗೆ. ಮಗಳು ಬೆಳೆದು ಒಂದು ನೆಲೆಗೆ ಬರೋವರೆಗೆ ಈ ಜಾಗ ನಿನ್ನದು ಅಂದ. ನನ್ನ ಕಿವಿಯಾರೆ ಕೇಳಿದೀನಿ."

ಬಿರಾದಾರ ಸಿಡಿದ: "ಮತ್ತ ಅವಾಗ ಯಾಕ ಹೇಳಲಿಲ್ರೀ ರಾಯರ?"

"ಆವಾಗ ನಾನು ಜಡ್ಜ್ ಆಗಿದ್ದೆ ಕಣಪ್ಪ" ಎಂದರು ರಾಯರು.

ಯಾರೋ ನಕ್ಕರು. ರಾಯರು ನಗಲಿಲ್ಲ. "ಕುರ್ಚಿ ಶೇಠ್‌ದಾಗಿತ್ತು, ಅವನಿಗೆ ಹೆದರಿದೆ. ಈಕೆಯನ್ನ ಹೊರಗೆ ಹಾಕೋದಕ್ಕೂ ಮನಸ್ಸು ಬರಲಿಲ್ಲ. ಅದಕ್ಕೇ ವಾಯಿದೆ ಹಾಕ್ತಾ ಹೋದೆ. ಶೆಟ್ಟರೇ, ನಿಮ್ಮ ಕುರ್ಚಿ ಇವರೆಲ್ಲರದು. ನಾನು ಒಬ್ಬನಿಗೆ ಹೆದರಿದೆ, ನೀವು ಇಷ್ಟೂ ಜನಕ್ಕೆ ಹೆದರಬೇಕು. ನಿಮ್ಮ ಕಷ್ಟ ನನಗೆ ಗೊತ್ತು."

ಶೆಟ್ಟರ ಹಣೆಯಲ್ಲಿ ಬೆವರು. ಎತ್ತಿದ ಕೈಗಳನ್ನು ನೋಡಿದರು, ಗಂಗವ್ವನನ್ನು ನೋಡಿದರು, ಕೊನೆಗೆ ರಾಯರನ್ನು. ಕುರ್ಚಿಯ ಕೈಯನ್ನು ಎರಡು ಸಲ ಸವರಿದರು. "ವಿಷಯ ಗಂಭೀರ ಉಂಟು" ಎಂದರು. "ಮುಂದಿನ ಭಾನುವಾರ ನೋಡುವ."

ಮುಂದಿನ ಭಾನುವಾರ ಹೋಟೆಲಿನಲ್ಲಿ ಗಿರಾಕಿ ಜಾಸ್ತಿ. ಅದರ ಮುಂದಿನದು ಊರಿನಿಂದ ಅವರ ಭಾವ ಬಂದಿದ್ದರು. ರಾಯರು ಮೇಲಿನ ಕಟಕಟೆಗೆ ಒರಗಿ ನಿಂತು, ಒಬ್ಬ ಒಳ್ಳೆಯ ಶಿಷ್ಯನನ್ನು ನೋಡುವ ಗುರುವಿನಂತೆ ನೋಡುತ್ತಿದ್ದರು. ಅವರ ಸಾಕ್ಷಿಗೆ ಶೇಠ್ ತನ್ನದೇ ರೀತಿಯಲ್ಲಿ ಬೆಲೆ ಕಟ್ಟಿದ: ಆ ಬೇಸಿಗೆಯಲ್ಲಿ ಚಾಳಿನ ಸೂರನ್ನೆಲ್ಲ ರಿಪೇರಿ ಮಾಡಿಸಿ ರಾಯರ ಖೋಲಿಯ ಮೇಲಿನ ಭಾಗವನ್ನು ಮಾತ್ರ ಬಿಟ್ಟ. ಮಳೆಗಾಲದಲ್ಲಿ ರಾಯರು ಮನೆಯೊಳಗೆ ಛತ್ರಿ ಬಿಡಿಸಿ ಕೂತು ಪತ್ರಿಕೆ ಓದುತ್ತಿದ್ದರು. ಕೇಳಿದರೆ, "ಗಾಳಿ ಚೆನ್ನಾಗಿದೆ ಕಣಯ್ಯ" ಎನ್ನುತ್ತಿದ್ದರು. ಅಷ್ಟು ಹಗುರಾಗಿ ಅವರು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಶೆಟ್ಟರ ಅವಧಿ ಮುಗಿಯುವ ಹೊತ್ತಿಗೆ ತುರ್ತು ಪರಿಸ್ಥಿತಿಯಿಂದಾಗಿ ದೇಶದಲ್ಲೇ ಚುನಾವಣೆ ಮುಂದಕ್ಕೆ ಹೋಗುವ ಕಾಲ ಬಂದಿತ್ತು. ಬಿರಾದಾರ ಕೂಡ ಮೆಲ್ಲಗೆ ಮಾತಾಡುವುದನ್ನು ಕಲಿತಿದ್ದ. ಚಾಳಿನಲ್ಲಿ ಮತ್ತೆ ಓಟು ಎಂದು ಯಾರೂ ಬಾಯಿ ಬಿಡಲಿಲ್ಲ. ಶೆಟ್ಟರು ಯಾರೂ ನೇಮಿಸದೆ, ಯಾರೂ ಆರಿಸದೆ ಜಡ್ಜಾಗಿಯೇ ಉಳಿದರು. ತಮಾಷೆಯೆಂದರೆ ಅವರ ಅತ್ಯುತ್ತಮ ತೀರ್ಪುಗಳು ಆ ಕಾಲದವೇ. ನಮ್ಮ ಹಗ್ಗವೂ ಆಗಲೇ ಮರಳಿ ಸಿಕ್ಕಿತು. ಇದರಿಂದ ಏನು ಸಿದ್ಧಾಂತ ಹೊರಡುತ್ತದೋ ನನಗೆ ತಿಳಿಯದು. ಹೊರಡಿಸಲು ಧೈರ್ಯವೂ ಇಲ್ಲ.

ಗಂಗವ್ವನ ಮಗಳು ಓದಿ ನರ್ಸಾದಳು. ತಾಯಿ ಮಗಳು ಕಾಂದಿವಲಿಯಲ್ಲಿ ಒಂದು ಖೋಲಿ ಹಿಡಿದರು. ಹೋಗುವ ದಿನ ಗಂಗವ್ವ ಪ್ರತಿ ಬಾಗಿಲಿಗೂ ರೊಟ್ಟಿ ಕೊಟ್ಟು, ಕೊನೆಗೆ ರಾಯರ ಮನೆಗೆ ಬಂದು, "ನನ್ನ ಖಟ್ಲೆ ಏನಾತ್ರೀ ಯಪ್ಪಾ?" ಎಂದು ಕೇಳಿದಳು.

"ನಡೀತಾ ಇದೆ ತಾಯಿ, ವಾಯಿದೆ ಮೇಲಿದೆ" ಎಂದರು ರಾಯರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮರುವಾರವೇ ಮೆಟ್ಟಿಲ ಕೆಳಗೆ ಪಾನ್ ಅಂಗಡಿ ಬಂತು. ಎರಡನೆಯ ನಲ್ಲಿ ಬರಲೇ ಇಲ್ಲ.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿ ಮುಗಿಸಿದೆ. ಈ ಕಥೆಯನ್ನು ಮದುವೆಮನೆಗಳಲ್ಲಿ, ಲೋಕಲ್ಲಿನಲ್ಲಿ, ಬೀಳ್ಕೊಡುಗೆ ಸಮಾರಂಭಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. "ಆವಾಗ ನಾನು ಜಡ್ಜ್ ಆಗಿದ್ದೆ" ಎಂಬಲ್ಲಿ ಜನ ತಪ್ಪದೆ ನಗುತ್ತಾರೆ. ಮೇಘನಾ ನಗಲಿಲ್ಲ. ಪೆನ್ನು ಕಚ್ಚುತ್ತ ಕೂತಿದ್ದವಳು, "ಅಜ್ಜಾ, ಆ ಇಲೆಕ್ಷನ್‌ದಲ್ಲಿ ಗಂಗವ್ವ ಯಾರಿಗೆ ವೋಟ್ ಹಾಕಿದ್ದಳು?" ಎಂದು ಕೇಳಿದಳು.

ನಾನು ಬಾಯಿ ತೆರೆದೆ. ಖೋಲಿಗೊಂದು ಓಟು ಎಂದು ಬಿರಾದಾರ ಸೂಚಿಸಿದ್ದ, ಎಲ್ಲರೂ ಒಪ್ಪಿದ್ದೆವು. ಮೆಟ್ಟಿಲ ಕೆಳಗಿನದು ಖೋಲಿಯಲ್ಲ.

"ಅವಳಿಗೆ ಓಟಿರಲಿಲ್ಲಮ್ಮ."

"ಮತ್ತೆ ಯಾರೂ ಕೇಳಿಲ್ಲ? ಅವಳೂ ಕೇಳಿಲ್ಲ?"

"ಯಾರೂ ಕೇಳಲಿಲ್ಲ."

ಅವಳು ಎದ್ದು ಒಳಗೆ ಹೋದಳು. ಪರದೆಯ ಚೌಕಗಳಲ್ಲಿ ಬಾಯಿಗಳು ಸದ್ದಿಲ್ಲದೆ ತೆರೆದು ಮುಚ್ಚುತ್ತಿದ್ದವು. ಅವರಲ್ಲಿ ಯಾರು ಆರಿಸಬೇಕೆನ್ನುವವರು, ಯಾರು ನೇಮಿಸಬೇಕೆನ್ನುವವರು ಎಂದು ಮುಖ ನೋಡಿ ಹೇಳುವಂತಿರಲಿಲ್ಲ. ನಾನು ಎದ್ದು ಅವಳ ಕೋಣೆಯ ಬಾಗಿಲಲ್ಲಿ ನಿಂತೆ. "ಯಾವ ಸೈಡ್ ಅಂತ ಕೇಳಿದೆಯಲ್ಲ, ನನಗೆ ಗೊತ್ತಿಲ್ಲ ಪುಟ್ಟಿ" ಎಂದೆ. "ಗಂಗವ್ವನ ಓಟಿನ ಬಗ್ಗೆ ಈಗ ಕೇಳಿದೆಯಲ್ಲ, ಡಿಬೇಟಿನಲ್ಲಿ ಮೊದಲು ಅದನ್ನ ಕೇಳು."