ಹೂ ಬಿಡಿಸಿದವಳ ಸೆಂಟು

ಫ್ರಾನ್ಸಿನ ಗ್ರಾಸ್ ಊರಿನ ಕೆಳಗಿನ ಹೊಲಗಳಲ್ಲಿ ಮಲ್ಲಿಗೆ ಬಿಡಿಸಲು ಒನೊರಿನ್ ಹೋಗತೊಡಗಿದ್ದು ಹುಡುಗಿಯಾಗಿದ್ದಾಗ. ಸೊಂಟ ಹಿಡಿದುಕೊಂಡ ಮೇಲೂ ಬಿಡಲಿಲ್ಲ. ಗಂಡ ತೀರಿಕೊಂಡಾಗ ಮಗಳು ಮಗಾಲಿ ಅಂಬೆಗಾಲಿಡುತ್ತಿದ್ದಳು. ಮಗುವನ್ನು ಆಲಿವ್ ಮರದಡಿ ಮಲಗಿಸಿ, ಬಿಸಿಲೇರುವ ಮುಂಚೆ ಬುಟ್ಟಿ ತುಂಬಿಸುತ್ತಿದ್ದಳು. ಆ ಹೂವೆಲ್ಲ ಪ್ಯಾರಿಸ್ಸಿನ ದೊಡ್ಡ ಹೆಸರಿನ ಸೆಂಟಿಗೆ ಹೋಗುತ್ತಿತ್ತು. ಅವಳು ಅದನ್ನು ಒಮ್ಮೆಯೂ ಹಚ್ಚಿಕೊಂಡವಳಲ್ಲ.

ಮಗಳು ನೀಸ್‌ನಲ್ಲಿ ಓದಿ, ಬ್ಯಾಂಕು ಸೇರಿ, ವಕೀಲರ ಮನೆಯ ಹುಡುಗನನ್ನು ಒಪ್ಪಿಕೊಂಡಳು. ಮದುವೆಗೆಂದು ಒನೊರಿನ್ ಸಂತೆಯಲ್ಲಿ ಒಂದು ಬಾಟಲಿ ಸೆಂಟು ಕೊಂಡಳು. ಹೆಸರು ಬೇರೆ, ಬೆಲೆ ಅಗ್ಗ. "ಕಣ್ಮುಚ್ಚಿ ಮೂಸಿ ನೋಡಮ್ಮ, ಥೇಟ್ ಆ ಪ್ಯಾರಿಸ್ಸಿನದೇ!" ಎಂದಿದ್ದ ಮಾರುವವ.

ಮದುವೆಯೂಟದ ಮೇಜಿನಲ್ಲಿ ಬೀಗಿತ್ತಿ ಮದಾಮ್ ಡೆಲ್ಮಾಸ್ ಅವಳತ್ತ ಬಾಗಿ ಮೂಗರಳಿಸಿದಳು. "ಅಯ್ಯೋ ಒನೊರಿನ್ ಅವ್ರೇ, ಇದು ನಕಲೀದು ಅಲ್ವಾ? ಮೊದಮೊದಲು ಹೂವು, ಆಮೇಲೆ ಬರೀ ಸಕ್ಕರೆ ಪಾಕ."

ಮಗಳು ತನ್ನ ಪರವಾಗಿ ಏನಾದರೂ ಅಂದಾಳೆಂದು ಒನೊರಿನ್ ಕಾದಳು.

ಮಗಾಲಿ ನಕ್ಕಳು. "ನಮ್ಮಮ್ಮಂಗೆ ಹೂ ಬಿಡಿಸಿ ಗೊತ್ತೇ ಹೊರತು ಸೆಂಟು ಹಚ್ಕೊಂಡು ಎಲ್ಲಿ ಗೊತ್ತು, ಅತ್ತೆ!"

ಮೇಜಿಗೆ ಮೇಜೇ ನಕ್ಕಿತು. ಒನೊರಿನ್ ಕೂಡ ನಕ್ಕಳು. ಆಮೇಲೆ ಎಷ್ಟೋ ದಿನ ನಿದ್ದೆ ಕೆಡಿಸಿದ್ದು ಬೇರೆಯವರ ನಗುವಲ್ಲ, ತನ್ನದೇ ಆ ನಗು.

ಕ್ರಿಸ್‌ಮಸ್ಸಿಗೆ ಬಂದ ಮಗಳು ಆ ಪ್ಯಾರಿಸ್ಸಿನ ಅಸಲಿ ಸೆಂಟಿನ ಬಾಟಲಿ ತಂದಳು. "ತಗೋಮ್ಮ, ಇನ್ಮೇಲೆ ಆ ಚೀಪ್ ಮಾಲು ಬಿಟ್ಬಿಡು. ನಾಚಿಕೆಯಾಗುತ್ತೆ."

ಒನೊರಿನ್ ಒಂದು ಮಣಿಕಟ್ಟಿಗೆ ಇದನ್ನು, ಇನ್ನೊಂದಕ್ಕೆ ಸಂತೆಯದನ್ನು ಹಚ್ಚಿಕೊಂಡು ಅಡುಗೆ ಮುಗಿಸಿದಳು. ಸಂಜೆಗೆ ಅಗ್ಗದ್ದು ಅಂಟಂಟು ಸಿಹಿಯಾಗಿತ್ತು. ಇನ್ನೊಂದರಲ್ಲಿ ಮಲ್ಲಿಗೆ ಹಾಗೆಯೇ ಇತ್ತು, ಇಬ್ಬನಿ ಆರದ ಹೊಲದ ಹಾಗೆ. ಬೀಗಿತ್ತಿ ಆಡಿದ್ದು ಸುಳ್ಳಲ್ಲ ಎಂಬುದೇ ಅವಳನ್ನು ಹೆಚ್ಚು ಚುಚ್ಚಿತು.

ಬಾಟಲಿಗೆ ಮುಚ್ಚಳ ಹಾಕಿ ಮಗಳ ಚೀಲದೊಳಗಿಟ್ಟಳು. "ನಿಮ್ಮತ್ತೆ ಮೂಗು ಸರಿಯಾಗೇ ಇದೆ ಕಣೇ. ನಿನ್ನ ನಾಲಿಗೇನೇ ಕೆಟ್ಟಿರೋದು."

"ಒಂದು ತಮಾಷೆ ಮಾತನ್ನ ಇಷ್ಟು ದಿನ ಕಟ್ಕೊಂಡು ಕೂತಿದೀಯಾ?"

"ಎಲ್ಲರೆದುರು ಆಡಿದ್ದೆಯಲ್ಲ, ಎಲ್ಲರೆದುರು ಹಿಂದಕ್ಕೆ ತಗೋ."

ಮಗಾಲಿ ಮುಖ ಊದಿಸಿಕೊಂಡು ಕಾರು ಹತ್ತಿದಳು. ಕ್ಷಮೆ ಕೇಳಲು ಅವಳು ಬರಲಿಲ್ಲ, ಕರೆಯಲು ಇವಳು ಹೋಗಲಿಲ್ಲ. ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ಒನೊರಿನ್‌ಗೆ ಹೇಳಿದ್ದು ಬ್ರೆಡ್ಡಿನ ಅಂಗಡಿಯವಳು.

"ಗೊತ್ತು ಗೊತ್ತು," ಅಂದು, ಬ್ರೆಡ್ಡು ತೆಗೆದುಕೊಂಡು ಹೊರಬಂದಳು.