ದಾದಾಸಾಬ ಮಿಸ್ತ್ರಿಯ ಕೆನ್ನೆ
ನಮ್ಮ ನಿಪ್ಪಾಣಿಯ ದಾದಾಸಾಬ ಮಿಸ್ತ್ರಿ ಕಾರಿನ ಎಂಜಿನ್ ಬದಲಿಸುವಾಗ ಎಸಿಯ ಪೈಪು ಬಿಚ್ಚುವುದೇ ಇಲ್ಲ. ಬಿಚ್ಚಿದರೆ ಗ್ಯಾಸೆಲ್ಲ ಹೋಗುತ್ತದೆ. ಕಂಪ್ರೆಸರನ್ನು ಪೈಪುಗಳ ಸಮೇತ ಎಂಜಿನ್ನಿನಿಂದ ಬಿಡಿಸಿ, ಹೆಂಡತಿ ಕುಲಸುಂಬಿಯ ಹಳೆಯ ಸೀರೆಯಲ್ಲಿ ತೊಟ್ಟಿಲು ಕಟ್ಟಿ ಪಕ್ಕಕ್ಕೆ ಮಲಗಿಸುತ್ತಾರೆ. ಹತ್ತಿರ ಯಾರಾದರೂ ಸೀನಿದರೆ, "ಲೇ, ಹಗೂರ! ಕೂಸ ಎದ್ದೀತು!" ಎಂದು ಗದರುತ್ತಾರೆ. ಮೊನ್ನೆ ಭೋಜ ಊರಿನ ಬೀರದೇವ ತನ್ನ ಕಾರಿನ ಎಂಜಿನ್ ಬದಲಿಸಲು ಕೊಟ್ಟು ಎರಡು ದಿನ ಗ್ಯಾರೇಜಿನಲ್ಲೇ ಕಾದು ಕೂತಿದ್ದ. "ಎಸಿ ಉಳೀತೈತೇನ್ರಿ ಚಾಚಾ? ಅವ್ವನ್ನ ಮಿರಜ ದವಾಖಾನಿಗೆ ಒಯ್ಯಬೇಕು, ಆಕಿ ಬಿಸಿಲ ತಡ್ಯಾಂಗಿಲ್ಲ." "ನನ್ನ ಕೈಯಾಗ ಇವತ್ತಿನ ತನಕ ಒಂದ್ ಗಾಡಿ ಗ್ಯಾಸ್ ಹೋಗಿಲ್ಲೋ ತಮ್ಮಾ." ಹೊಸ ಎಂಜಿನ್ ಶುರುವಾದಾಗ ಮಿಸ್ತ್ರಿ ಎಸಿಯ ಕಿಂಡಿಗೆ ಕೈ ಒಡ್ಡಲಿಲ್ಲ, ಕೆನ್ನೆ ಒಡ್ಡಿದರು. ಮೂವತ್ತು ವರ್ಷ ಬಿಸಿ ಎಂಜಿನ್ ಮುಟ್ಟಿದ ಆ ಕೈಗಳಿಗೆ ಈಗ ತಂಪು ತಿಳಿಯುವುದಿಲ್ಲ. ಕಣ್ಣು ಮುಚ್ಚಿಯೇ ನಕ್ಕು, "ಕರ್ಕೊಂಡ ಹೋಗಪಾ ನಿಮ್ಮವ್ವನ್ನ" ಎಂದರು.